ಹದಿನೇಳನೇ ಚುಕ್ಕಿ

ಮಂಗಳವಾರ ಮಧ್ಯಾಹ್ನ ಬಂದರು, ಐದು ಜನ,
ಕೆಂಪು ಲಂಗ, ಕೆಂಪು ಚಡ್ಡಿ, ಕೈಯಲ್ಲೊಂದು ಹಗ್ಗ,
ಹತ್ತು ಮೀಟರಿಗೊಂದು ಗಂಟು.
ಶಾಲೆಯ ಗೇಟಿನಿಂದ ನನ್ನ ಗೂಡಂಗಡಿಗೆ
ಆರು ಗಂಟು, ಮೇಲೊಂದು ಗೇಣು.
"ಅರವತ್ತು, ಬರೆದುಕೋ" ಅಂದಳು ವಿಲುಜೆಂಗ್,
ಬಸ್ಸು ತೊಳೆಯುವ ಸುಮಾರ್ನೋನ ಮಗಳು.
ಗೇಣನ್ನು ಬಿಟ್ಟುಕೊಟ್ಟಳು, ಪುಣ್ಯಾತ್ಗಿತ್ತಿ.

"ಅಜ್ಜೀ, ಬಿಡಿ ಸಿಗರೇಟು ಮಾರ್ತೀರಾ?"
"ಯಾಕೆ, ನಿನಗೆ ಬೇಕಿತ್ತಾ?" ಅಂದೆ, ನಗಲಿ ಅಂತ.
ನಗಲಿಲ್ಲ. ಬರೆದುಕೊಂಡಳು.
"ಒಂದಕ್ಕೆ ಎಷ್ಟು?"
ಎರಡು ಸಾವಿರ ರುಪಿಯಾ.
"ಕಡಲೆಕಾಯಿ ಪೊಟ್ಟಣಕ್ಕೆ?"
ಅದಕ್ಕೂ ಅಷ್ಟೇ.
ಅದನ್ನೂ ಬರೆದುಕೊಂಡಳು, ಅಡಿಗೆರೆ ಎಳೆದು.
"ಚಿಕ್ಕವರು ಕೇಳಿದರೆ ಕೊಡ್ತೀರಾ?"
ನಾನು ತಕ್ಕಡಿಯ ಧೂಳು ಒರೆಸಿದೆ.
ಧೂಳಿರಲಿಲ್ಲ.

ಈ ಬೆರಳುಗಳನ್ನು ನೋಡಿ.
ಕುದುಸಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಲವಂಗ ಬೆರೆಸಿದ ಸೊಪ್ಪನ್ನು ಸುತ್ತಿದ ಬೆರಳು.
ಎದುರಿಗೆ ತುಮಿನಾ, ಕತ್ತರಿ ಹಿಡಿದು ತುದಿ ಸವರುವವಳು.
ನಾನು ಸುತ್ತಬೇಕು, ಅವಳು ಸವರಬೇಕು,
ಸಂಜೆಗೆ ಮೂರು ಸಾವಿರ.
ನಿದ್ದೆಯಲ್ಲೂ ಹೆಬ್ಬೆರಳು ಆಡುತ್ತಿತ್ತು,
ಹೊದಿಕೆಯ ಅಂಚು ಬೆಳಗಾಗುವುದರೊಳಗೆ ಸುರುಳಿ.
ಹಾಲೂಡಿಸಲು ಕೂತರೆ ಕೂಸು
ನನ್ನ ಕೈ ಮೂಸಿ ಮುಖ ತಿರುವುತ್ತಿತ್ತು.

ಆ ಕೂಸಿನ ಮಗನೇ ಇವನು, ಗಾಲಿಹ್,
ಐವರ ಹಿಂದೆ ನಿಂತು
ಹಗ್ಗದ ಗಂಟನ್ನೇ ಮತ್ತೆ ಮತ್ತೆ ಎಣಿಸುತ್ತ
ನನ್ನ ಕಡೆ ತಲೆ ಎತ್ತದವನು.

ಶುಕ್ರವಾರ ಸಮುದಾಯ ಭವನದಲ್ಲಿ ನಕ್ಷೆ ತೂಗಿತು.
ನಡುವೆ ಶಾಲೆ, ಹಸಿರು ಚೌಕ.
ಸುತ್ತ ದಡಾರ ಎದ್ದಂತೆ ಕೆಂಪು ಚುಕ್ಕಿ.
ಹದಿನೇಳನೆಯದು ನಾನು.
ಹನ್ನೊಂದನೆಯದು ಊರ ಮುಖಂಡನ ಹೆಂಡತಿಯ ಅಂಗಡಿ,
ಅವನು ಅಧ್ಯಕ್ಷತೆ ವಹಿಸಿದ್ದ, ಕೆಮ್ಮುತ್ತ.
"ಯಾರನ್ನೂ ಬೈಯಲು ಕರೆದಿಲ್ಲ" ಅಂದರು ಹರ್ಯಾಂತಿ ಟೀಚರ್.
ಬೈದಿದ್ದರೆ ವಾಸಿಯಿತ್ತು,
ತಿರುಗಿ ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು:
ಅಕ್ಕಿಯ ಬೆಲೆ, ಕರೆಂಟು ಬಿಲ್ಲು,
ಬಿಸಿಲು ಮಳೆಗೆ ನನ್ನ ತಲೆ ಕಾಯುವ ಟಾರ್ಪಾಲು ಕೂಡ
ಆ ಕಂಪನಿಯದೇ, ಪುಕ್ಕಟೆ ಕೊಟ್ಟದ್ದು,
ಅದರ ಮೇಲೊಬ್ಬ ಚೆಲುವ ಹುಡುಗ ಬೆಟ್ಟ ಹತ್ತುತ್ತಿದ್ದಾನೆ.
ಆರು ವರ್ಷದಿಂದ ಹತ್ತುತ್ತಲೇ ಇದ್ದಾನೆ,
ಅವನಿಗೆ ಮಾತ್ರ ಏದುಸಿರೇ ಇಲ್ಲ.

ಆ ರಾತ್ರಿ ಗಾಲಿಹ್ ಚಾಪೆಯ ಅಂಚು ಕೀಳುತ್ತ
"ಅಜ್ಜೀ, ಡಬ್ಬದಿಂದ ನಾನೇ ತಗೊಂಡಿದ್ದೆ" ಅಂದ.
"ಎಷ್ಟು?"
"ವಾರಕ್ಕೆ ಎರಡು."
"ಮೂರು" ಅಂದೆ.
ಹತ್ತೊಂಬತ್ತು ವರ್ಷ ಎಣಿಸಿದ ಬೆರಳು, ಮಗೂ,
ಸಾವಿರದಲ್ಲಿ ಒಂದು ಕಡಿಮೆಯಾದರೂ
ಕಣ್ಣಿಗೆ ಮೊದಲು ಅದಕ್ಕೇ ಗೊತ್ತಾಗುತ್ತದೆ.

ಅವನು ತಪ್ಪೊಪ್ಪಿ ಹಗುರಾಗಿ ನಿದ್ದೆ ಹೋದ.
ಗೊತ್ತಿದ್ದೂ ಸುಮ್ಮನಿದ್ದವಳು
ಯಾರ ಮುಂದೆ ಒಪ್ಪಿಕೊಳ್ಳಬೇಕು?

ಭಾನುವಾರ ತಾಯಂದಿರು ಚಂದಾ ಎತ್ತಿ ತಂದ
ನೀಲಿ ಟಾರ್ಪಾಲು ಕಟ್ಟಿಕೊಟ್ಟರು.
ಬೆಟ್ಟದ ಹುಡುಗನನ್ನು ಮಡಚಿ
ಕೋಳಿಗೂಡಿಗೆ ಹೊದಿಸಿದೆ.
ಹೊಸದು ಒಂದು ಮೂಲೆಯಲ್ಲಿ ಸೋರುತ್ತದೆ.
ಹೇಳಿದೆ. ಬರೆದುಕೊಂಡಳು ವಿಲುಜೆಂಗ್.

ಕಡಲೆಕಾಯಿ ಪೊಟ್ಟಣ ಈಗ ಮುಂದಿನ ಸಾಲಿನಲ್ಲಿದೆ.
ಮಕ್ಕಳಿಗೆ ಬಿಡಿ ಕೊಡುವುದಿಲ್ಲ,
ದೊಡ್ಡವರಿಗೆ ಇನ್ನೂ ಕೊಡುತ್ತೇನೆ, ಸುಳ್ಳೇಕೆ.
ಹಾಗಾಗಿ ನನ್ನ ಚುಕ್ಕಿಯನ್ನು ಅವರು ಅಳಿಸಿಲ್ಲ,
ಸುತ್ತ ಪೆನ್ಸಿಲಿನಲ್ಲಿ ಒಂದು ಬಳೆ ಬರೆದಿದ್ದಾರೆ.
"ಇದರರ್ಥ ಏನೇ?" ಅಂದರೆ
"ನೋಡೋಣ ಅಂತ" ಅನ್ನುತ್ತಾಳೆ.

ಡಬ್ಬವನ್ನು ಅಟ್ಟದ ತೊಲೆಗೇರಿಸಿದ್ದೇನೆ.
ಸ್ಟೂಲು ಹಾಕಿಕೊಂಡರೂ ಅವನಿಗೆ ಎಟುಕದು,
ಈ ವರ್ಷ.
ಬಾಗಿಲ ಚೌಕಟ್ಟಿನಲ್ಲಿ ಅವನ ಎತ್ತರದ ಗೀಟುಗಳಿವೆ,
ಮೊನ್ನೆಯದಕ್ಕೂ ಹೋದ ಹಬ್ಬದ್ದಕ್ಕೂ
ನಾಲ್ಕು ಬೆರಳು ಅಂತರ.